ಹೆಸರನ್ನೂ ಹೇಳುವ ಹಾಡಿನ ಪೆಟ್ಟಿಗೆ

ಹಾಡು ಕೇಳುವುದಕ್ಕೆ ಕಣ್ಣು ಬೇಕಿಲ್ಲ. ಹಾಡು ಕೇಳಿಸುವ ಯಂತ್ರವನ್ನು ನಡೆಸುವುದಕ್ಕೆ ಮಾತ್ರ ಕಣ್ಣು ಬೇಕೇ ಬೇಕು. ಇಪ್ಪತ್ತೈದು ವರ್ಷಗಳಿಂದ ಜೇಬಿನಲ್ಲಿ ಹಿಡಿಸುವ ಪ್ಲೇಯರುಗಳನ್ನು ಬಹುಪಾಲು ಹೀಗೇ ಮಾಡುತ್ತ ಬಂದಿದ್ದಾರೆ. ಈಗ ಬರುತ್ತಿರುವ ಹಾಡು ಯಾವುದು, ಮುಂದಿನದು ಯಾವುದು, ಚಾರ್ಜ್ ಎಷ್ಟು ಉಳಿದಿದೆ, ಯಂತ್ರ ನಿಂತಿದೆಯೋ ಆಫ್ ಆಗಿದೆಯೋ ಎಂಬುದನ್ನೆಲ್ಲ ಅವು ಹೆಬ್ಬೆರಳಿನಷ್ಟು ಪರದೆಯ ಮೇಲೆ ಬರೆದು ತೋರಿಸುತ್ತವೆ. ಕಿವಿಗಾಗಿಯೇ ಹುಟ್ಟಿದ ಸಾಧನ ತನ್ನ ಸಮಾಚಾರವನ್ನು ಕಣ್ಣಿಗೆ ಮಾತ್ರ ತಿಳಿಸುತ್ತದೆ. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿದೋಷ ಇರುವವರು ಸುಮಾರು 50 ಲಕ್ಷ. ಅವರಲ್ಲಿ ಹಾಡು ಬೇಡ ಎನ್ನುವವರು ಎಷ್ಟು ಮಂದಿ ಇದ್ದಾರು?

ಟೇಪ್ ರೆಕಾರ್ಡರ್ ಕಾಲದಲ್ಲಿ ಈ ತೊಡಕು ಇಷ್ಟಿರಲಿಲ್ಲ. ಪ್ಲೇ ಗುಂಡಿ ಒತ್ತಿದರೆ ಕಟಕ್ಕೆಂದು ಒಳಗೆ ಕೂರುತ್ತಿತ್ತು, ಸ್ಟಾಪ್ ಒತ್ತುವವರೆಗೆ ಮೇಲೇಳುತ್ತಿರಲಿಲ್ಲ. ಬೆರಳಾಡಿಸಿದರೆ ಸಾಕು, ಯಂತ್ರ ಏನು ಮಾಡುತ್ತಿದೆ ಎಂದು ತಿಳಿಯುತ್ತಿತ್ತು. ರೇಡಿಯೊದ ನಾಬನ್ನು ಎಷ್ಟು ತಿರುಗಿಸಿದರೆ ಧಾರವಾಡ ಆಕಾಶವಾಣಿ ಸಿಗುತ್ತದೆ ಎಂಬುದು ಕೈಗೆ ಗೊತ್ತಿರುತ್ತಿತ್ತು. ಕ್ಯಾಸೆಟ್ಟಿನ ಮೇಲೆ ಬ್ರೈಲ್ ಚೀಟಿ ಅಂಟಿಸಿಕೊಂಡರೆ ಭೀಮಸೇನ ಜೋಶಿಯವರನ್ನೂ ಮಲ್ಲಿಕಾರ್ಜುನ ಮನ್ಸೂರರನ್ನೂ ಯಾರ ಸಹಾಯವಿಲ್ಲದೆ ಆರಿಸಿಕೊಳ್ಳಬಹುದಿತ್ತು. 1979ರಲ್ಲಿ ಸೋನಿಯ ವಾಕ್‌ಮನ್ ಬಂದಾಗಲೂ ಗುಂಡಿಗಳೇನೋ ಚಿಕ್ಕವಾದವು, ಆದರೆ ಕೈಗೆ ಸಿಗುವಂತೆಯೇ ಉಳಿದವು.

ಇನ್ನೂ ಹಿಂದಿನ ಒಂದು ಸಂಗತಿಯನ್ನು ನಾನು ಎಲ್ಲರಿಗೂ ಹೇಳಬಯಸುತ್ತೇನೆ. ನಿಮಿಷಕ್ಕೆ ಮೂವತ್ತಮೂರು ಸುತ್ತು ಚಿಲ್ಲರೆ ತಿರುಗುವ ಎಲ್‌ಪಿ ತಟ್ಟೆ ಜನಸಾಮಾನ್ಯರ ಮಾರುಕಟ್ಟೆಯಲ್ಲಿ ನೆಲೆಯೂರಿದ್ದು 1948ರಲ್ಲಿ. ಅಮೆರಿಕದ ಅಂಧ ಓದುಗರ ಮನೆಗಳಲ್ಲಿ ಅದೇ ವೇಗದ ತಟ್ಟೆಗಳು 1934ರಿಂದಲೇ ತಿರುಗುತ್ತಿದ್ದವು. ಅಂದಿನ ಸಾಮಾನ್ಯ ತಟ್ಟೆಯಲ್ಲಿ ಒಂದು ಬದಿಗೆ ನಾಲ್ಕೈದು ನಿಮಿಷದ ಧ್ವನಿ ಮಾತ್ರ ಹಿಡಿಸುತ್ತಿತ್ತು. ಒಂದು ಕಾದಂಬರಿಯನ್ನು ಅದರಲ್ಲಿ ತುಂಬಿಸುವುದು ಆಗದ ಮಾತು. ಕಣ್ಣಿಲ್ಲದವರಿಗೂ ಪುಸ್ತಕ ಸಿಗಬೇಕೆಂಬ ಒತ್ತಾಯದಿಂದ ನಿಧಾನವಾಗಿ ತಿರುಗುವ, ಬದಿಗೆ ಕಾಲು ಗಂಟೆ ಓದುವ ತಟ್ಟೆ ಬಂತು. ಧ್ವನಿಯಂತ್ರಗಳ ಚರಿತ್ರೆಯಲ್ಲಿ ಅಂಧರು ಕೊನೆಯ ಸಾಲಿನಲ್ಲಿ ಕೂತವರಲ್ಲ. ಅವರನ್ನು ಆ ಸಾಲಿಗೆ ಕಳಿಸಿದ್ದು ಪರದೆ.

2001ರ ಅಕ್ಟೋಬರಿನಲ್ಲಿ ಆಪಲ್ ಕಂಪನಿಯ ಐಪಾಡ್ ಬಂತು. ಸಾವಿರ ಹಾಡು, ಒಂದು ಚಕ್ರ, ಒಂದು ಪರದೆ. ಚಕ್ರದ ಮೇಲೆ ಬೆರಳು ತಿರುಗಿಸಿದಂತೆ ಪಟ್ಟಿ ಮೇಲೆ ಕೆಳಗೆ ಹರಿಯುತ್ತಿತ್ತು, ಸಾಲು ದಾಟಿದಾಗಲೆಲ್ಲ ಟಿಕ್ ಎಂಬ ಸದ್ದು. ಅಂಧ ಬಳಕೆದಾರರಿಗೆ ಆ ಟಿಕ್ ಒಂದೇ ಆಸರೆ. ಮೊದಲ ಮೆನುವಿನಲ್ಲಿ ಇಷ್ಟು ಟಿಕ್ ಇಳಿದರೆ ಕಲಾವಿದರು, ಅಲ್ಲಿಂದ ಇಷ್ಟು ಇಳಿದರೆ ಬೇಕಾದವರು ಎಂದು ಬಾಯಿಪಾಠ ಮಾಡಿಕೊಂಡು ನಡೆಸಿದವರಿದ್ದಾರೆ. ಹತ್ತಿಪ್ಪತ್ತು ಸಾಲಿಗೆ ಅದು ಸರಿ. ಸಾವಿರ ಹಾಡಿನ ಪಟ್ಟಿಯಲ್ಲಿ ಎಣಿಕೆ ಒಂದು ತಪ್ಪಿದರೆ ಮತ್ತೆ ಮೊದಲಿಂದ. 2005ರಲ್ಲಿ ಬಂದ ಐಪಾಡ್ ಶಫಲ್‌ನಲ್ಲಿ ಪರದೆಯೇ ಇರಲಿಲ್ಲ. ಹಾಡಿನ ಹೆಸರು ಕಣ್ಣಿದ್ದವರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಪುಟ್ಟ ಕಡ್ಡಿಯ ಮುಂದೆ ಎಲ್ಲರೂ ಒಂದೇ. ಆದರೆ ಬಂದದ್ದನ್ನು ಕೇಳುವುದು ಬೇರೆ, ಬೇಕಾದ್ದನ್ನು ಹುಡುಕಿ ಕೇಳುವುದು ಬೇರೆ. ಭೈರವಿ ಬೇಕೆಂದಾಗ ಭೈರವಿಯೇ ಬರಬೇಕು.

ಈ ಕಷ್ಟಕ್ಕೆ ಮೊದಲು ಗಟ್ಟಿಯಾದ ಉತ್ತರ ಕೊಟ್ಟದ್ದು ದೊಡ್ಡ ಕಂಪನಿಯಲ್ಲ, ಸ್ವೀಡನ್ನಿನ ಕೆಲವು ಪ್ರೋಗ್ರಾಮರುಗಳು. ಆರ್ಕೋಸ್ ಎಂಬ ಫ್ರೆಂಚ್ ಕಂಪನಿಯ ಪ್ಲೇಯರಿನ ಒಳಗಿದ್ದ ತಂತ್ರಾಂಶ ಅವರಿಗೆ ಹಿಡಿಸಲಿಲ್ಲ. 2001ರ ಕೊನೆಯಲ್ಲಿ ತಾವೇ ಒಂದನ್ನು ಬರೆಯಲು ಕೂತರು, ಅದಕ್ಕೆ ರಾಕ್‌ಬಾಕ್ಸ್ ಎಂದು ಹೆಸರಿಟ್ಟರು, ಮೂಲ ಸಂಕೇತವನ್ನು ಯಾರು ಬೇಕಾದರೂ ತಿದ್ದಲಿ ಎಂದು ಬಿಟ್ಟುಕೊಟ್ಟರು. ಹೀಗೆ ಬಿಟ್ಟುಕೊಟ್ಟದ್ದರಿಂದಲೇ ಮುಂದೆ ಅದಕ್ಕೆ ಮಾತು ಬಂತು. ಮೆನುವಿನ ಪ್ರತಿ ಸಾಲನ್ನೂ ಓದಿ ಹೇಳುವ, ಚಾರ್ಜ್ ಎಷ್ಟಿದೆ ಎಂದು ತಿಳಿಸುವ, ಗಂಟೆ ಎಷ್ಟಾಯಿತು ಎನ್ನುವ ಪ್ಲೇಯರ್ ತಯಾರಾಯಿತು.

ಅದು ಮಾತಾಡುವ ಬಗೆಯನ್ನು ಕೊಂಚ ಬಿಡಿಸಿ ಹೇಳಬೇಕು. ಅಷ್ಟು ಪುಟ್ಟ ಯಂತ್ರದ ಚಿಪ್‌ಗೆ ಅಕ್ಷರ ನೋಡಿ ಆ ಕ್ಷಣಕ್ಕೆ ಉಚ್ಚರಿಸುವ ಶಕ್ತಿ ಇರುತ್ತಿರಲಿಲ್ಲ. ಆದ್ದರಿಂದ ಮಾತನ್ನು ಮೊದಲೇ ಕಂಪ್ಯೂಟರಿನಲ್ಲಿ ತಯಾರಿಸಿಕೊಳ್ಳಬೇಕು. ಮೆನುವಿನ ಪದಗಳೆಲ್ಲ ಸೇರಿ ಒಂದು ಧ್ವನಿ ಕಡತ. ಹಾಡು ಮತ್ತು ಫೋಲ್ಡರುಗಳ ಹೆಸರಿಗೆ ಒಂದೊಂದು ಬಿಡಿ ತುಣುಕು. ಹಾಡಿನ ಪಕ್ಕದಲ್ಲೇ, ಅದೇ ಹೆಸರಿನ ಹಿಂದೆ ಟಾಕ್ ಎಂಬ ಬಾಲ ಸೇರಿಸಿ ಇಡುತ್ತಾರೆ. ಪಟ್ಟಿಯಲ್ಲಿ ಆ ಹಾಡಿನ ಮೇಲೆ ಬಂದು ನಿಂತರೆ ಪ್ಲೇಯರ್ ಆ ತುಣುಕನ್ನು ನುಡಿಸುತ್ತದೆ. ತುಣುಕು ಇಲ್ಲದಿದ್ದರೆ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳುವಂತೆ, ಇಲ್ಲವೇ ಬರೀ ಸಂಖ್ಯೆ ಹೇಳುವಂತೆ ಹೊಂದಿಸಿಕೊಳ್ಳಬಹುದು. 2007ರಲ್ಲಿ ಸ್ಯಾನ್‌ಡಿಸ್ಕ್ ಕಂಪನಿಯ ಸ್ಯಾನ್ಸಾ ಕ್ಲಿಪ್ ಬಂತು. ಅಂಗಿಯ ಜೇಬಿಗೆ ಸಿಕ್ಕಿಸುವ ಅದರಲ್ಲಿ ನಾಲ್ಕು ದಿಕ್ಕಿಗೆ ಒತ್ತುವ ಗುಂಡಿ, ಬದಿಯಲ್ಲಿ ಸದ್ದು ಏರಿಸಿ ಇಳಿಸುವ ಗುಂಡಿ, ಎಲ್ಲವೂ ಬೆರಳಿಗೆ ಬೇರೆಬೇರೆಯಾಗಿ ತಿಳಿಯುತ್ತಿದ್ದವು. ಬೆಲೆಯೂ ಕಡಿಮೆ. ಅದಕ್ಕೆ ರಾಕ್‌ಬಾಕ್ಸ್ ಹಾಕಿಕೊಂಡು ವರ್ಷಗಟ್ಟಲೆ ಬಳಸಿದ ಅಂಧರು ಹಲವು ದೇಶಗಳಲ್ಲಿದ್ದಾರೆ. ಅಂಗಡಿಯಲ್ಲಿ ಮೂಕವಾಗಿದ್ದ ಪ್ಲೇಯರ್ ಒಂದು ಸಂಜೆಯ ಕೆಲಸದಿಂದ ಮಾತು ಕಲಿಯುತ್ತಿತ್ತು. ಹಾರ್ಡ್‌ವೇರಿನಲ್ಲಿ ಏನೂ ಬದಲಾಗಿರಲಿಲ್ಲ. ಅಂದರೆ ಕಂಪನಿಗಳು ಮನಸ್ಸು ಮಾಡಿದ್ದರೆ ಮೊದಲ ದಿನದಿಂದಲೇ ಈ ಮಾತು ಇರಬಹುದಿತ್ತು. ನನ್ನ ತಕರಾರು ಇಲ್ಲಿಯೇ.

ಆಪಲ್ ಈ ಕಡೆ ತಿರುಗಿದ್ದು 2008ರ ಸೆಪ್ಟೆಂಬರಿನಲ್ಲಿ. ಆಗ ಬಂದ ನಾಲ್ಕನೇ ಪೀಳಿಗೆಯ ಐಪಾಡ್ ನ್ಯಾನೋ ಮೆನುಗಳನ್ನು ಓದಿ ಹೇಳುತ್ತಿತ್ತು. ಅದೇ ತಿಂಗಳು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಅಟಾರ್ನಿ ಜನರಲ್ ಮತ್ತು ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟದ ಜೊತೆ ಕಂಪನಿ ಒಂದು ಒಪ್ಪಂದಕ್ಕೆ ಬಂತು. ಹಾಡು ತುಂಬಿಸುವ ಐಟ್ಯೂನ್ಸ್ ತಂತ್ರಾಂಶವನ್ನು ಅಂಧರೂ ಬಳಸುವಂತೆ ಮಾಡಲು ಒಪ್ಪಿತು. ಪ್ಲೇಯರ್ ಎಷ್ಟು ಮಾತಾಡಿದರೇನು, ಅದಕ್ಕೆ ಹಾಡು ತುಂಬಿಸಲು ಬೇರೆಯವರ ಕಣ್ಣು ಬೇಕಾದರೆ ಅದು ಅರ್ಧ ಸ್ವಾತಂತ್ರ್ಯ. ಒಕ್ಕೂಟದವರು ಹಿಡಿದು ಜಗ್ಗಿದ್ದು ಈ ಅರ್ಧವನ್ನೇ. 2009ರ ಮಾರ್ಚಿನಲ್ಲಿ ಬಂದ ಶಫಲ್‌ನಲ್ಲಿ ಹಾಡಿನ ಗುಂಡಿಗಳೆಲ್ಲ ಇಯರ್‌ಫೋನಿನ ತಂತಿಗೆ ಹೋದವು. ಒಮ್ಮೆ ಒತ್ತಿದರೆ ಹಾಡು ನಿಲ್ಲುತ್ತದೆ, ಎರಡು ಸಲ ಒತ್ತಿದರೆ ಮುಂದಿನದು, ಮೂರು ಸಲಕ್ಕೆ ಹಿಂದಿನದು, ಒತ್ತಿ ಹಿಡಿದರೆ ಹಾಡಿನ ಹೆಸರು ಕಿವಿಯಲ್ಲಿ. ಅದು 14 ಭಾಷೆಗಳಲ್ಲಿ ಹೆಸರು ಹೇಳುತ್ತಿತ್ತು. ಗ್ರೀಕ್ ಇತ್ತು, ಚೆಕ್ ಇತ್ತು, ಸ್ವೀಡಿಷ್ ಇತ್ತು. ಭಾರತದ ಒಂದು ಭಾಷೆಯೂ ಇರಲಿಲ್ಲ.

ನಮ್ಮ ಕತೆ ಶುರುವಾಗುವುದು ಇಲ್ಲಿಂದ. ಕನ್ನಡದ ಹಾಡುಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡ ರೀತಿಯನ್ನು ಒಮ್ಮೆ ನೋಡಿ. ಅರ್ಧಕ್ಕೆ ಹೆಸರೇ ಇರುವುದಿಲ್ಲ, ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು. ಡೌನ್‌ಲೋಡ್ ಮಾಡಿದ್ದಾದರೆ ಹೆಸರಿಗಿಂತ ಮೊದಲು ಆ ಜಾಲತಾಣದ ವಿಳಾಸ. ಕಣ್ಣಿದ್ದವರು ಅದನ್ನು ಹಾದು ಮುಂದಿನದನ್ನು ಓದಿಕೊಳ್ಳುತ್ತಾರೆ. ಕಿವಿ ಹಾಗೆ ಹಾರಿ ದಾಟಲಾರದು. ಇನ್ನೂರು ಹಾಡಿನ ಪಟ್ಟಿಯಲ್ಲಿ ಪ್ರತಿ ಹಾಡಿಗೂ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಎಂದು ಶುರುವಾಗುವ ವಿಳಾಸವನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ಹೆಸರು. ಉಳಿದವುಗಳ ಹೆಸರು ಇಂಗ್ಲಿಷ್ ಲಿಪಿಯಲ್ಲಿ. ಇಂಗ್ಲಿಷ್ ಧ್ವನಿ ಅದನ್ನು ಓದಿದಾಗ ಭೀಮಪಲಾಸಿಯೋ ಮಿಯಾಮಲ್ಹಾರವೋ ಎಂದು ಹೆತ್ತವರೂ ಗುರುತಿಸಲಾರರು. ಹಳೆಯ ಸಂಗ್ರಹಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳೂ ಸಿಗುತ್ತವೆ. ಪರದೆಯಲ್ಲಿ ಅವು ಕನ್ನಡದಂತೆ ಕಂಡರೂ ಒಳಗಿರುವುದು ಇಂಗ್ಲಿಷಿನ ಚಿತ್ರವಿಚಿತ್ರ ಚಿಹ್ನೆಗಳು, ಓದುವ ತಂತ್ರಾಂಶ ಆ ಚಿಹ್ನೆಗಳನ್ನೇ ಒದರುತ್ತದೆ. ಯೂನಿಕೋಡ್ ಕನ್ನಡದಲ್ಲಿ ಹೆಸರು ಬರೆದರೆ ಮಾತ್ರ ಯಂತ್ರಕ್ಕೆ ಅದು ಕನ್ನಡ. ಕನ್ನಡ ಓದುವ ಧ್ವನಿಗಳಿಗೆ ಈಗ ಬರವಿಲ್ಲ. ಉಚಿತವಾಗಿ ಸಿಗುವ ಇ-ಸ್ಪೀಕ್ ಇದೆ; ಧ್ವನಿ ಒರಟು, ಆದರೆ ಕೇಳುತ್ತ ಕೇಳುತ್ತ ಒಗ್ಗುತ್ತದೆ, ಎಷ್ಟು ವೇಗಕ್ಕೆ ಹೋದರೂ ಮಾತು ಕಲಸಿಹೋಗುವುದಿಲ್ಲ. ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಕನ್ನಡದ ಧ್ವನಿಗಳಿವೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ಬೆಳೆಸಿದ ಇಬ್ಬರೂ ಅಂಧರು. ಧ್ವನಿ ಸಿದ್ಧವಿದೆ, ಓದಿಸಿಕೊಳ್ಳುವ ಹೆಸರುಗಳು ಸಿದ್ಧವಾಗಿಲ್ಲ. ಹಾಡುಗಳನ್ನು ಮಾರುವವರು, ಹಂಚುವವರು, ಮನೆಮಂದಿ ಎಲ್ಲರೂ ಸೇರಿ ಮಾಡಬೇಕಾದ ಕೆಲಸ ಇದು, ಕಾಸೂ ಖರ್ಚಾಗದ ಕೆಲಸ.

ಮನೆಯಲ್ಲಿ ಕಣ್ಣು ಕಾಣದ ಅಜ್ಜನೋ ತಂಗಿಯೋ ಇದ್ದು, ಅವರಿಗೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುವವರು ನೀವಾದರೆ ಕೆಲವು ಮಾತು ನಿಮಗಾಗಿ. ಅಗ್ಗದ ಪ್ಲೇಯರುಗಳು, ಸ್ಪೀಕರುಗಳು ಎಷ್ಟೋ ಸಲ ಹಾಡುಗಳನ್ನು ಹೆಸರಿನ ಅಕಾರಾದಿಯಲ್ಲಿ ನುಡಿಸುವುದಿಲ್ಲ. ಕಾರ್ಡಿಗೆ ಯಾವುದು ಮೊದಲು ನಕಲಾಯಿತೋ ಅದು ಮೊದಲು. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಬೇಡಿ, ಬೇಕಾದ ಕ್ರಮದಲ್ಲಿ ಒಂದೊಂದೇ ಫೋಲ್ಡರ್ ನಕಲು ಮಾಡಿ. ಸಂಖ್ಯೆ ಹಾಕುವಾಗ 001, 002 ಎಂದೇ ಹಾಕಿ. ಬರೀ 1, 2 ಎಂದು ಹಾಕಿದರೆ ಒಂದರ ನಂತರ ಹತ್ತು ಬರುವ ಯಂತ್ರಗಳಿವೆ. ಫೋಲ್ಡರಿನೊಳಗೆ ಫೋಲ್ಡರ್ ಬೇಡ.

ನನಗೆ ಬಹಳ ಇಷ್ಟವಾದ ಉಪಾಯ ಇನ್ನೊಂದಿದೆ. ಪ್ರತಿ ಫೋಲ್ಡರಿನ ಮೊದಲ ಕಡತವಾಗಿ ನಿಮ್ಮದೇ ದನಿಯಲ್ಲಿ ನಾಲ್ಕು ಸೆಕೆಂಡಿನ ಒಂದು ಮಾತು ಇಡಿ: ಇದು ದಾಸರ ಪದ, ಇದು ಗಂಗೂಬಾಯಿ ಹಾನಗಲ್, ಇದು ಯಕ್ಷಗಾನ. ಫೋನಿನಲ್ಲೇ ರೆಕಾರ್ಡ್ ಮಾಡಿ ಎಂಪಿತ್ರೀಗೆ ಬದಲಾಯಿಸಿ 000 ಎಂದು ಹೆಸರಿಟ್ಟು, ಆ ಫೋಲ್ಡರಿಗೆ ಎಲ್ಲಕ್ಕಿಂತ ಮೊದಲು ಅದನ್ನೇ ನಕಲು ಮಾಡಿದರಾಯಿತು. ಮುಂದಿನ ಫೋಲ್ಡರಿಗೆ ಹಾರುವ ಗುಂಡಿ ಒತ್ತಿದ ತಕ್ಷಣ ಅಜ್ಜನಿಗೆ ಮೊಮ್ಮಗಳ ದನಿಯಲ್ಲಿ ಹೆಸರು ಕೇಳುತ್ತದೆ. ಯಾವ ತಂತ್ರಾಂಶವೂ ಇಲ್ಲದ ಮೂಕ ಪ್ಲೇಯರ್ ಕೂಡ ಹೀಗೆ ತನ್ನ ಒಳಗಿರುವುದನ್ನು ಹೇಳಿಕೊಳ್ಳುತ್ತದೆ, ಅದೂ ಅಚ್ಚ ಕನ್ನಡದಲ್ಲಿ.

ಅಂಧರಿಗೆಂದೇ ಮಾಡಿದ ಪ್ಲೇಯರುಗಳೂ ಇವೆ. ಕೆನಡಾದ ಹ್ಯೂಮನ್‌ವೇರ್ ಕಂಪನಿಯ ವಿಕ್ಟರ್ ರೀಡರ್ ಸ್ಟ್ರೀಮ್ 2007ರಿಂದ ಬಳಕೆಯಲ್ಲಿದೆ. ಪರದೆಯೇ ಇಲ್ಲ. ಹಳೆಯ ಫೋನಿನಂತೆ ಅಂಕಿಗಳ ಗುಂಡಿ, ನಡುವಿನ ಐದರ ಮೇಲೆ ಉಬ್ಬು ಗುರುತು. ನಾಲ್ಕು ಮತ್ತು ಆರು ಒತ್ತಿದರೆ ಹಿಂದೆ ಮುಂದೆ. ಎರಡು ಮತ್ತು ಎಂಟು ಒತ್ತಿ ಆ ಹೆಜ್ಜೆ ಹಾಡಿನದೋ ಫೋಲ್ಡರಿನದೋ ಅಧ್ಯಾಯದ್ದೋ ಎಂದು ಆರಿಸಿಕೊಳ್ಳಬಹುದು. ಐದು ಒತ್ತಿದರೆ ಈಗ ಎಲ್ಲಿದ್ದೇವೆ ಎಂಬ ಉತ್ತರ. ಈ ಜೋಡಣೆಯ ಜಾಣತನ ನೋಡಿ: ಬೆರಳು ಐದನ್ನು ಬಿಟ್ಟು ಅತ್ತಿತ್ತ ಅಲೆಯಬೇಕಿಲ್ಲ. ಇದರಲ್ಲಿ ಹಾಡಿನ ಜೊತೆ ಡೈಸಿ ಪುಸ್ತಕಗಳನ್ನೂ ಕೇಳಬಹುದು. ಡೈಸಿ ಎಂಬುದು ಧ್ವನಿಪುಸ್ತಕಗಳಿಗಾಗಿ ಸ್ವೀಡನ್ನಿನಲ್ಲಿ ಹುಟ್ಟಿ, 1996ರಿಂದ ಹಲವು ದೇಶಗಳ ಸಂಸ್ಥೆಗಳು ಕೂಡಿ ನಡೆಸುತ್ತಿರುವ ಒಂದು ವ್ಯವಸ್ಥೆ. ಕ್ಯಾಸೆಟ್ಟಿನಲ್ಲಿ ಹದಿನೇಳನೇ ಅಧ್ಯಾಯ ಬೇಕೆಂದರೆ ಮುಂದೆ ಓಡಿಸಿ, ನಿಲ್ಲಿಸಿ, ಕೇಳಿ, ಮತ್ತೆ ಓಡಿಸಬೇಕಿತ್ತು. ಡೈಸಿಯಲ್ಲಿ ಅಧ್ಯಾಯಕ್ಕೆ, ಪುಟಕ್ಕೆ ನೇರ ಹೋಗಬಹುದು, ನಿಲ್ಲಿಸಿದ ಜಾಗವನ್ನು ಯಂತ್ರವೇ ನೆನಪಿಡುತ್ತದೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಸ್ವಯಂಸೇವಕರಿಂದ ಓದಿಸಿ ಧ್ವನಿಪುಸ್ತಕಗಳನ್ನು ತಯಾರಿಸುತ್ತ ಬಂದಿವೆ. 2016ರ ಆಗಸ್ಟಿನಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ದೇಶದ ಇಂಥ ಸಂಗ್ರಹಗಳನ್ನು ಆನ್‌ಲೈನಿನಲ್ಲಿ ಒಂದೆಡೆ ತಂದಿದೆ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿ, ಅಂಗವಿಕಲರಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಅವಕಾಶ ಸಿಕ್ಕಿದ್ದರಿಂದ ಇದು ಸಾಧ್ಯವಾಯಿತು. ಪ್ಲೇಯರಿನ ಬೆಲೆ ಮಾತ್ರ ಸಾಮಾನ್ಯ ಕುಟುಂಬಕ್ಕೆ ಭಾರ. ಸಣ್ಣ ಮಾರುಕಟ್ಟೆ, ಆಮದು, ಇವೆಲ್ಲ ಸೇರಿ ಬೆಲೆ ಏರುತ್ತದೆ. ಸರ್ಕಾರದ ನೆರವಿನಲ್ಲಿ ಡೈಸಿ ಪ್ಲೇಯರ್ ಪಡೆಯುವ ದಾರಿ ಇದೆ. ಹಳ್ಳಿಯ ಅಂಧರಿಗೆ ಆ ದಾರಿಯನ್ನು ತಿಳಿಸುವವರು ಸಾಲದು.

ಸಂಗೀತ ಕಲಿಯುವವರ ಅಗತ್ಯ ಇನ್ನೂ ಸೂಕ್ಷ್ಮ. ಈ ಮಾತಿಗೆ ಬಂದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಮುಂದೆ ಹೋಗಲಾರೆ. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಕಟ್ಟಿ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಬೆಳೆಸಿದ ಆ ಮಠದಲ್ಲಿ ಎಷ್ಟೋ ಅಂಧ ಮಕ್ಕಳು ಹಾಡುಗಾರರಾದರು, ವಾದ್ಯಗಾರರಾದರು. ಅಲ್ಲಿ ವಿದ್ಯೆ ನಡೆದದ್ದು ಕಿವಿಯಿಂದ ಕಿವಿಗೆ. ಗುರು ಎದುರಿಗಿಲ್ಲದ ಹೊತ್ತಿನಲ್ಲಿ ಇಂದಿನ ಅಂಧ ವಿದ್ಯಾರ್ಥಿಗೆ ಧ್ವನಿಮುದ್ರಿಕೆಯೇ ಪಾಠಪುಸ್ತಕ. ಅವನಿಗೆ ಬೇಕಾದ್ದು ಒಂದು ತಾನಿನ ಆರಂಭದಲ್ಲಿ ಗುರುತು, ಅಂತ್ಯದಲ್ಲಿ ಗುರುತು, ನಡುವಿನದನ್ನು ಮತ್ತೆ ಮತ್ತೆ ನುಡಿಸುವ ಸೌಕರ್ಯ. ಹಲವು ಪ್ಲೇಯರುಗಳಲ್ಲಿ ಇದು ಎ-ಬಿ ರಿಪೀಟ್ ಎಂಬ ಹೆಸರಿನಲ್ಲಿ ಇದೆ. ಎರಡನೆಯದು ವೇಗ. ಟೇಪನ್ನು ನಿಧಾನ ಮಾಡಿದರೆ ಶ್ರುತಿಯೂ ಇಳಿದು ಷಡ್ಜವೇ ಬೇರೆಯಾಗುತ್ತಿತ್ತು. ಡಿಜಿಟಲ್ ಪ್ಲೇಯರಿನಲ್ಲಿ ಶ್ರುತಿ ಕದಲದಂತೆ ಗತಿಯನ್ನಷ್ಟೇ ತಗ್ಗಿಸಬಹುದು; ರಾಕ್‌ಬಾಕ್ಸ್‌ನಲ್ಲಿ ಇದೆ, ಫೋನಿನ ಕೆಲವು ಆ್ಯಪ್‌ಗಳಲ್ಲೂ ಇದೆ. ದ್ರುತ್ ಲಯದ ಸಪಾಟ ತಾನಿನಲ್ಲಿ ಯಾವ ಸ್ವರ ಎಲ್ಲಿ ಹಾದುಹೋಯಿತು ಎಂದು ಬಿಡಿಸಿ ಕೇಳುವುದಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಈ ಸೌಕರ್ಯ ಮಾತಾಡದ ಮೆನುವಿನ ಮೂರನೇ ಪದರದಲ್ಲಿ ಹೂತಿದ್ದರೆ, ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಅದು ಇಲ್ಲದಂತೆ.

ಈಗ ಫೋನೇ ಪ್ಲೇಯರ್ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್ ಬಂದ ಮೇಲೆ, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಬೆಳೆದ ಮೇಲೆ ನುಣುಪಾದ ಗಾಜೂ ಮಾತಾಡುತ್ತದೆ. ಬೆರಳು ಎಳೆದಲ್ಲಿ ಇರುವುದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ, ಗಾಜಿನ ಮೇಲೆ ಎಲ್ಲಿಯಾದರೂ ಸರಿ, ಹಾಡು ನಿಲ್ಲುತ್ತದೆ, ಮತ್ತೆ ತಟ್ಟಿದರೆ ಶುರು. ಇಷ್ಟಿದ್ದೂ ಬೇರೆ ಪ್ಲೇಯರ್ ಇಟ್ಟುಕೊಳ್ಳುವವರ ಮಾತಿನಲ್ಲಿ ಹುರುಳಿದೆ. ಪರದೆ ಓದುವ ಧ್ವನಿ ಮತ್ತು ಹಾಡು ಒಂದೇ ಕಿವಿಗೆ ಬರುತ್ತವೆ. ಸಂದೇಶ ಬಂದರೆ ಆಲಾಪ ತಗ್ಗಿ ಅದರ ಮೇಲೆ ಮಾತು ಕೂರುತ್ತದೆ. ಹಾಡಿನ ಆ್ಯಪ್‌ಗಳಲ್ಲಿ ಗುಂಡಿಗಳಿಗೆ ಹೆಸರು ಕೊಡದೆ ಬಿಟ್ಟಲ್ಲಿ ಟಾಕ್‌ಬ್ಯಾಕ್ ಬರೀ ಬಟನ್, ಬಟನ್ ಎನ್ನುತ್ತದೆ. ರೂಢಿಯಾದ ಆ್ಯಪ್ ಹೊಸ ಆವೃತ್ತಿಗೆ ಬದಲಾದಾಗ ಅಂಧರು ಕಲಿತ ಜಾಗಗಳೆಲ್ಲ ಕಲಸಿಹೋಗುತ್ತವೆ. ಫೋನಿನ ಚಾರ್ಜ್ ಹಾಡಿಗೆ ಮುಗಿದರೆ ದಾರಿ ಕೇಳುವುದಕ್ಕೆ, ನೋಟು ಗುರುತಿಸುವುದಕ್ಕೆ, ಮನೆಗೆ ಕರೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಜೇಬಿನಿಂದ ತೆಗೆಯದೆ, ಬಟ್ಟೆಯ ಮೇಲಿಂದಲೇ ಒತ್ತಿ ನಿಲ್ಲಿಸಬಹುದಾದ ಒಂದು ಗುಂಡಿಗೆ ಗಾಜು ಸಮನಲ್ಲ.

ರಸ್ತೆಯಲ್ಲಿ ನಡೆಯುವಾಗಂತೂ ಕೂಡಲೇ ನಿಲ್ಲಿಸುವ ಗುಂಡಿ ಪ್ರಾಣದ ಮಾತು. ಬಿಳಿ ಕೋಲಿನ ತುದಿ ನೆಲಕ್ಕೆ ತಾಗಿದ ಸದ್ದು, ಅದು ಗೋಡೆಗೆ ಬಡಿದು ಮರಳುವ ರೀತಿ, ಎಡಕ್ಕೆ ತಿರುಗುತ್ತಿರುವ ಆಟೊ, ಇವೆಲ್ಲ ಕಿವಿಯಿಂದಲೇ ತಿಳಿಯಬೇಕು. ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಮನೆಯಲ್ಲಿರಲಿ. ಹೊರಗೆ ಒಂದೇ ಕಿವಿಗೆ ಹಾಕಿಕೊಳ್ಳುವವರು ಫೋನಿನ ಸೆಟ್ಟಿಂಗ್‌ನಲ್ಲಿ ಮೋನೊ ಆಡಿಯೊ ಆನ್ ಮಾಡಿಕೊಂಡರೆ ಇನ್ನೊಂದು ಕಿವಿಯ ಪಾಲಿನ ವಾದ್ಯಗಳು ತಪ್ಪಿಹೋಗುವುದಿಲ್ಲ. ಕೆನ್ನೆಯ ಮೂಳೆಯ ಮೂಲಕ ಸದ್ದು ಕಳಿಸುವ, ಕಿವಿಯನ್ನು ತೆರೆದೇ ಬಿಡುವ ಹೆಡ್‌ಫೋನುಗಳೂ ಸಿಗುತ್ತವೆ. ಮಂದ್ರದ ತುಂಬುದನಿ ಅದರಲ್ಲಿ ಸೊರಗುತ್ತದೆ, ಆದರೆ ಸದ್ದಿಲ್ಲದೆ ಬರುವ ಎಲೆಕ್ಟ್ರಿಕ್ ಸ್ಕೂಟರಿನ ಈ ಕಾಲದಲ್ಲಿ ನಾನು ಅದನ್ನೇ ಹೇಳುತ್ತೇನೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್, ದಿನಬಳಕೆಯ ವಸ್ತುಗಳನ್ನು ಎಲ್ಲರೂ ಬಳಸುವಂತೆ ರೂಪಿಸಿ ತಯಾರಿಸಿ ಹಂಚುವುದಕ್ಕೆ ಸರ್ಕಾರ ಪ್ರೋತ್ಸಾಹ ಕೊಡಬೇಕೆನ್ನುತ್ತದೆ. ಮಾತಾಡುವ ಮೆನು ಇಲ್ಲದ ಪ್ಲೇಯರ್ ಇಂದಿಗೂ ಸಂತೆಯಿಂದ ಮಾಲ್‌ವರೆಗೆ ಮಾರಾಟವಾಗುತ್ತಿದೆ. ಚಿಪ್‌ಗಳು ಅಗ್ಗವಾಗಿವೆ, ಬ್ಲೂಟೂತ್ ಮೋಡ್ ಎಂದು ಚೀನೀ ಧಾಟಿಯ ಇಂಗ್ಲಿಷಿನಲ್ಲಿ ಕೂಗುವಷ್ಟು ಜಾಗ ಐನೂರು ರೂಪಾಯಿಯ ಸ್ಪೀಕರಿನಲ್ಲೂ ಇದೆ. ಅಷ್ಟೇ ಜಾಗದಲ್ಲಿ ಬ್ಯಾಟರಿ ಇಷ್ಟಿದೆ, ಇದು ನಾಲ್ಕನೇ ಫೋಲ್ಡರ್ ಎಂಬ ಎರಡು ಕನ್ನಡ ಮಾತನ್ನೂ ಇಡಬಹುದು.

ಅಂಗಡಿಗೆ ಹೋದಾಗ ಪ್ಲೇಯರನ್ನು ಮೊದಲು ಬಳಸುವವರ ಕೈಗೇ ಕೊಡಿಸಿ. ಮಾರುವವರು ಸಾಮಾನ್ಯವಾಗಿ ಜೊತೆಗೆ ಬಂದವರ ಮುಖ ನೋಡಿ ವಿವರಿಸುತ್ತಾರೆ, ಅದು ಬೇಡ. ಗುಂಡಿಗಳು ಆಕಾರದಲ್ಲಿ ಬೇರೆಬೇರೆಯಾಗಿವೆಯೇ, ಸದ್ದಿಗೂ ಮುಂದಿನ ಹಾಡಿಗೂ ಒಂದೇ ಗುಂಡಿ ಇಟ್ಟಿದ್ದಾರೆಯೇ, ಹಾಡು ನಿಂತಾಗ ಮತ್ತು ಯಂತ್ರ ಆಫ್ ಆದಾಗ ಬೇರೆಬೇರೆ ಸದ್ದು ಬರುತ್ತದೆಯೇ, ಮರಳಿ ಆನ್ ಮಾಡಿದರೆ ಬಿಟ್ಟ ಜಾಗದಿಂದ ಹಾಡುತ್ತದೆಯೇ, ಫೋಲ್ಡರ್ ದಾಟಲು ಪ್ರತ್ಯೇಕ ಗುಂಡಿ ಇದೆಯೇ, ಕಾರ್ಡನ್ನು ತಿರುವುಮುರುವಾಗಿ ತೂರಿಸದಂತೆ ಬೆರಳಿಗೆ ಗುರುತು ಸಿಗುತ್ತದೆಯೇ ಎಂದು ಅವರೇ ಒತ್ತಿ, ತಡವಿ, ಕೇಳಿ ನೋಡಲಿ. ಹಿಡಿಸದಿದ್ದರೆ ಇನ್ನೊಂದನ್ನು ತೆಗೆಸಿ.